ಒಳಗಿನ ಸಾಲ: ಫಿಲಿಪೀನ್ಸ್ ಸಿನಿಮಾದಲ್ಲಿ ವಯಸ್ಸು, ಅಂತಸ್ತು ಮತ್ತು ಪ್ರೀತಿ

ಫಿಲಿಪೀನ್ಸ್‌ನ ನಟಿ ಹಿಲ್ಡಾ ಕೊರೊನೆಲ್ 1975ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ, ಒಬ್ಬ ಹಳ್ಳಿಯ ಹುಡುಗಿಯ ಪಾತ್ರ ಮಾಡಿದರು. ಉಳ್ಳವನೊಬ್ಬ ಅವಳನ್ನು ನಗರದ ಮಹಡಿ ಮನೆಯಲ್ಲಿ ಕೂಡಿಹಾಕಿ ಇಟ್ಟುಕೊಂಡಿದ್ದಾನೆ. ಮರುವರ್ಷ ಅದೇ ನಿರ್ದೇಶಕರ ಇನ್ನೊಂದು ಚಿತ್ರದಲ್ಲಿ, ತನಗಿಂತ ಕಿರಿಯ ಗಂಡಸನ್ನು ಮನೆಗೆ ಕರೆತಂದ ತಾಯಿಯ ಮಗಳಾಗಿ ಅವರು ನಟಿಸಿದರು. ದಶಕಗಳು ಉರುಳಿದವು. 2012ರಲ್ಲಿ, 55ನೆಯ ವಯಸ್ಸಿನಲ್ಲಿ, ಅವರು ‘ದ ಮಿಸ್ಟ್ರೆಸ್’ ಎಂಬ ಚಿತ್ರದಲ್ಲಿ ಕಾಣಿಸಿಕೊಂಡರು. ಈ ಸಲ ಅವರದು ದರ್ಜಿ ಕೆಲಸದ ಹುಡುಗಿಯೊಬ್ಬಳನ್ನು ಇಟ್ಟುಕೊಂಡ ಸಿರಿವಂತನ ಹೆಂಡತಿಯ ಪಾತ್ರ.

ಇಟ್ಟುಕೊಂಡವಳು, ಮಗಳು, ಕಟ್ಟಿಕೊಂಡವಳು. ಒಂದೇ ಕಥೆಯ ಮೂರು ಮೂಲೆಗಳಲ್ಲಿ ಒಬ್ಬರೇ ನಟಿ 37 ವರ್ಷಗಳ ಅಂತರದಲ್ಲಿ ನಿಂತರು. ಈ ಮೂರು ಮೂಲೆಗಳನ್ನು ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ವಯಸ್ಸಿನ ಅಂತರ ಮತ್ತು ಅಂತಸ್ತಿನ ಅಂತರ ಎಂಬ ಎರಡು ಬೇರೆ ಗೋಡೆಗಳು ಈ ಸಿನಿಮಾಗಳಲ್ಲಿಲ್ಲ. ಎರಡನ್ನೂ ಒಂದೇ ಗಾರೆ ಹಿಡಿದಿಟ್ಟಿದೆ. ಆ ಗಾರೆಗೆ ಅಲ್ಲಿನವರು ಇಟ್ಟ ಹೆಸರು ‘ಉತಂಗ್ ನಾ ಲೊಓಬ್’.

ಒಂದು ಪದ, ಎರಡು ಅರ್ಥ

ತಗಾಲೊಗ್ ಭಾಷೆಯಲ್ಲಿ ‘ಉತಂಗ್’ ಎಂದರೆ ಸಾಲ. ‘ಲೊಓಬ್’ ಎಂದರೆ ಒಳಗು: ಮನೆಯ ಒಳಗೂ ಹೌದು, ಮನುಷ್ಯನ ಒಳಗೂ ಹೌದು. ಕೂಡಿಸಿದರೆ ‘ಒಳಗಿನ ಸಾಲ’. ಕಷ್ಟಕಾಲದಲ್ಲಿ ಕೈಹಿಡಿದವರಿಗೆ ಹಣ ಹಿಂತಿರುಗಿಸಿದರೂ ತೀರದ, ಬಾಳಿನುದ್ದಕ್ಕೂ ಹೊತ್ತು ನಡೆಯುವ ಸಾಲ ಅದು. ಅದಿಲ್ಲದವನನ್ನು ‘ವಾಲಂಗ್ ಉತಂಗ್ ನಾ ಲೊಓಬ್’ ಎನ್ನುತ್ತಾರೆ. ಒಬ್ಬ ಫಿಲಿಪಿನೊಗೆ ಅದಕ್ಕಿಂತ ದೊಡ್ಡ ಬೈಗುಳ ಸಿಗುವುದು ಕಷ್ಟ. ನಮ್ಮ ‘ಕೃತಘ್ನ’ಕ್ಕೆ ಅದು ಹತ್ತಿರದ್ದು, ಆದರೆ ಅದರ ಏಟು ಇನ್ನೂ ಆಳಕ್ಕೆ ಇಳಿಯುತ್ತದೆ.

ಈ ಪದದ ಬಗ್ಗೆ ವಿದ್ವಾಂಸರು ಜಗಳವಾಡಿದ್ದಾರೆ. 1961ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಚಾರ್ಲ್ಸ್ ಕೌಟ್ ಇದನ್ನು ತಗಾಲೊಗ್ ಜನರ ನಡುವಣ ಕರಾರಿನ ವ್ಯವಸ್ಥೆಯೆಂದು ವಿವರಿಸಿದರು. ‘ಸಿಕೊಲೊಹಿಯಂಗ್ ಪಿಲಿಪಿನೊ’ ಎಂಬ ದೇಸೀ ಮನಶ್ಶಾಸ್ತ್ರದ ಪಂಥ ಕಟ್ಟಿದ ವರ್ಜಿಲಿಯೊ ಎನ್ರಿಕೆಸ್ ಅದನ್ನು ಒಪ್ಪಲಿಲ್ಲ. ಇದು ಲೆಕ್ಕದ ಪುಸ್ತಕದ ಸಾಲವಲ್ಲ, ಕೃತಜ್ಞತೆ ಮತ್ತು ಒಗ್ಗಟ್ಟು ಎಂಬುದು ಅವರ ವಾದ. ಇತಿಹಾಸಕಾರ ರೆಯ್ನಾಲ್ಡೊ ಇಲೆಟೊ 1979ರ ತಮ್ಮ ಹೆಸರಾಂತ ಕೃತಿಯಲ್ಲಿ ‘ಲೊಓಬ್’ ಎಂಬ ಈ ಒಳಗಿನ ಕಲ್ಪನೆಯನ್ನೇ ಹಿಡಿದು ರೈತರ ಬಂಡಾಯಗಳ ಭಾಷೆಯನ್ನು ಓದಿದರು.

ಕನ್ನಡದ ಕಿವಿಗೆ ಈ ಜಗಳದ ಎರಡೂ ಬದಿ ಕೇಳಿಸುತ್ತದೆ. ಏಕೆಂದರೆ ಕನ್ನಡದಲ್ಲಿ ಇದಕ್ಕೆ ಒಂದಲ್ಲ, ಎರಡು ಪದಗಳಿವೆ. ಒಂದು ‘ಋಣ’. ಅದನ್ನು ಹೊತ್ತವನು ತಲೆ ತಗ್ಗಿಸಬೇಕಾಗಿಲ್ಲ. ಋಣಾನುಬಂಧ ಎಂದರೆ ಮನಸ್ಸು ಅರಳುತ್ತದೆ. ಇನ್ನೊಂದು ‘ಹಂಗು’. ಹಂಗಿನಲ್ಲಿರುವವನ ಬೆನ್ನು ಬಾಗಿರುತ್ತದೆ, ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಕೊಟ್ಟ ವಸ್ತು ಒಂದೇ ಇರಬಹುದು, ಕೊಟ್ಟ ಕೈಯೂ ಒಂದೇ ಇರಬಹುದು. ಅದು ಋಣವಾಯಿತೋ ಹಂಗಾಯಿತೋ ಎಂಬುದನ್ನು ಮಾತ್ರ ಪಡೆದವರ ಜೀವ ಹೇಳಬೇಕು. ತಗಾಲೊಗ್ ಒಂದೇ ಪದದಲ್ಲಿ ಕಟ್ಟಿಟ್ಟ ಈ ಎರಡನ್ನು ಫಿಲಿಪೀನ್ಸ್‌ನ ಈ ಪ್ರೇಮಕಥೆಗಳು ಎಳೆಎಳೆಯಾಗಿ ಬಿಡಿಸಿ ತೋರಿಸುತ್ತವೆ.

ಮಿಸೆರಿಕೊರ್ಡಿಯಾ ಬೀದಿ

ಹಿಲ್ಡಾ ಕೊರೊನೆಲ್ ಹಳ್ಳಿಯ ಹುಡುಗಿಯಾಗಿ ನಟಿಸಿದ 1975ರ ಚಿತ್ರ ‘ಮಾಯ್ನಿಲಾ ಸಾ ಮಂಗಾ ಕುಕೊ ನಂಗ್ ಲಿವಾನಗ್’. ‘ಬೆಳಕಿನ ಉಗುರುಗಳಲ್ಲಿ ಮನಿಲಾ’ ಎಂದು ಅದರ ಅರ್ಥ. ಎಡ್ಗಾರ್ಡೊ ರೆಯೆಸ್ ಅವರ ಕಾದಂಬರಿ ಆಧರಿಸಿ ಲೀನೊ ಬ್ರೊಕಾ ನಿರ್ದೇಶಿಸಿದ ಚಿತ್ರ. ಫರ್ಡಿನಾಂಡ್ ಮಾರ್ಕೋಸ್ 1972ರಲ್ಲಿ ಹೇರಿದ ಸೇನಾಡಳಿತದ ನಡುವೆ ಅದು ತಯಾರಾಯಿತು. ನಾಯಕಿಯ ಹೆಸರು ಲಿಗಾಯಾ ಪರಾಇಸೊ. ಲಿಗಾಯಾ ಎಂದರೆ ಆನಂದ, ಪರಾಇಸೊ ಎಂದರೆ ಸ್ವರ್ಗ. ಮನಿಲಾದಲ್ಲಿ ಕೆಲಸ ಕೊಡಿಸುವ ಮಾತು ನಂಬಿ ಹೊರಟ ಈ ಹುಡುಗಿ ಕೊನೆಗೆ ಆಹ್ ತೆಕ್ ಎಂಬ ಚೀನೀ ಮೂಲದವನ ವಶವಾಗುತ್ತಾಳೆ. ಅವಳನ್ನು ಹುಡುಕಿಕೊಂಡು ಬರುವವನು ಹೂಲಿಯೊ, ಊರಿನ ಬೆಸ್ತ, ಅವಳ ಓರಗೆಯವನು. ಅವನು ದಿನದಿನವೂ ಬಂದು ದಿಟ್ಟಿಸುವ ಮನೆ ಇರುವುದು ಮಿಸೆರಿಕೊರ್ಡಿಯಾ ಬೀದಿಯಲ್ಲಿ. ಆ ಸ್ಪ್ಯಾನಿಷ್ ಪದಕ್ಕೆ ಕರುಣೆ ಎಂದರ್ಥ.

ಈ ಚಿತ್ರದಲ್ಲಿ ಕಟ್ಟಡ ಕೆಲಸದ ದೃಶ್ಯಗಳು ಬಹಳ ಮುಖ್ಯ. ಹೊಟ್ಟೆಪಾಡಿಗಾಗಿ ಹೂಲಿಯೊ ಗಾರೆ ಕೆಲಸಕ್ಕೆ ಸೇರುತ್ತಾನೆ. ಕೂಲಿಯ ಪಟ್ಟಿಯಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಹಣ ಇನ್ನೂ ಬಂದಿಲ್ಲ ಎಂದು ಮೇಸ್ತ್ರಿ ಹೇಳಿದಾಗ, ಕಾಯಲಾರದವರು ತಮ್ಮದೇ ಕೂಲಿಯನ್ನು ಮುರಿದುಕೊಂಡು ಪಡೆಯಬೇಕು. ಈ ಮೋಸಕ್ಕೆ ಕೂಲಿಗಳು ಇಟ್ಟ ಹೆಸರು ‘ತೈವಾನ್’. ದುಡಿದವನು ತನ್ನ ಹಣಕ್ಕೇ ಸಾಲಗಾರನಾಗುವ ಈ ಲೋಕವನ್ನು ಬ್ರೊಕಾ ಮೊದಲು ಕಣ್ಣಿಗೆ ಕಟ್ಟಿಸುತ್ತಾರೆ, ಆಮೇಲೆ ಲಿಗಾಯಾಳ ಬಾಯಿಂದ ಅವಳ ಕಥೆ ಹೇಳಿಸುತ್ತಾರೆ. ಹಾಗಾಗಿ ಅವಳ ಕೋಣೆಯ ಬಾಗಿಲು ಆ ಕಟ್ಟಡದ ಕೂಲಿಪಟ್ಟಿಯ ಮುಂದುವರಿಕೆಯಂತೆ ಕಾಣುತ್ತದೆ. ಅಲ್ಲಿ ಋಣದ ನೆರಳೂ ಇಲ್ಲ, ಪ್ರೀತಿಯ ಸೋಗೂ ಇಲ್ಲ. ಮಗುವನ್ನು ಹೆತ್ತ ಲಿಗಾಯಾ ತಪ್ಪಿಸಿಕೊಳ್ಳಲು ಹೋಗಿ ಸಾಯುತ್ತಾಳೆ.

ಚಿತ್ರದ ಒಂದು ಮಿತಿಯನ್ನು ಹೇಳಲೇಬೇಕು. ಶೋಷಣೆಯ ಮುಖವಾಗಿ ಒಬ್ಬ ಚೀನೀಯನನ್ನು ನಿಲ್ಲಿಸಿದ್ದು ವಿಮರ್ಶಕರ ಆಕ್ಷೇಪಕ್ಕೆ ಗುರಿಯಾಗಿದೆ, ಆ ಆಕ್ಷೇಪ ನ್ಯಾಯವಾದದ್ದು. ಹೊರಗಿನವನನ್ನು ದೂರಿದಾಗ ಒಳಗಿನ ಸಾಲದ ಪ್ರಶ್ನೆ ತಪ್ಪಿಹೋಗುತ್ತದೆ. ಆ ಪ್ರಶ್ನೆಯನ್ನು ಬ್ರೊಕಾ ಮರುವರ್ಷ ಎದುರಿಸಿದರು.

ತಾಯಿ, ಮಗಳು ಮತ್ತು ಕಸಾಯಿಖಾನೆ

‘ಇನ್ಸಿಯಾಂಗ್’ (1976) ಶುರುವಾಗುವುದು ಕಸಾಯಿಖಾನೆಯಲ್ಲಿ. ಹಂದಿಯ ಕತ್ತಿಗೆ ಚೂರಿ ಇಳಿಯುತ್ತದೆ, ರಕ್ತ ಚಿಮ್ಮುತ್ತದೆ. ಅಲ್ಲಿಂದ ಕ್ಯಾಮೆರಾ ಮನಿಲಾದ ತೊಂಡೊ ಕೊಳೆಗೇರಿಗೆ ಬರುತ್ತದೆ. ಗಂಡ ಬಿಟ್ಟುಹೋದ ತೊನ್ಯಾ ಎಂಬ ನಡುವಯಸ್ಸಿನ ಹೆಂಗಸು, ಅವಳ ಮಗಳು ಇನ್ಸಿಯಾಂಗ್, ಹಾಗೂ ತೊನ್ಯಾ ಮನೆಗೆ ಕರೆತಂದ ದಾದೊ, ಕಸಾಯಿಖಾನೆಯ ಕೆಲಸದವನು, ತೊನ್ಯಾಳಿಗಿಂತ ಕಿರಿಯ. ತಾಯಿಯಾಗಿ ಮೊನಾ ಲೀಸಾ, ದಾದೊ ಆಗಿ ರುಯೆಲ್ ವೆರ್ನಾಲ್, ಮಗಳಾಗಿ ಹಿಲ್ಡಾ ಕೊರೊನೆಲ್. ಮಾರಿಯೊ ಒಹಾರಾ ಮೊದಲು ಟೆಲಿವಿಷನ್‌ಗೆ ಬರೆದ ಕಥೆ ಇದು.

ದಾದೊ ಬರುವ ಮೊದಲು ಆ ಗುಡಿಸಲಿನಲ್ಲಿ ತೊನ್ಯಾಳ ಗಂಡನ ಕಡೆಯ ನೆಂಟರು ಬೀಡುಬಿಟ್ಟಿರುತ್ತಾರೆ. ಪ್ರಿಯಕರನಿಗೆ ಜಾಗ ಬೇಕು. ಅವಳು ಅವರನ್ನೆಲ್ಲ ಓಡಿಸುತ್ತಾಳೆ. ಓಡಿಸುವಾಗ, ತಾನು ಕೊಡಿಸಿದ ಬಟ್ಟೆಗಳನ್ನು ಬಿಚ್ಚಿಟ್ಟು ಹೋಗಿ ಎಂದು ಮಕ್ಕಳ ಮೈಮೇಲಿನ ಅಂಗಿಗೇ ಕೈಹಾಕುತ್ತಾಳೆ. ಕೊಟ್ಟದ್ದನ್ನು ನೆನಪಿಸುವುದು ಒಂದು, ಮೈಯಿಂದ ಕಿತ್ತುಕೊಳ್ಳುವುದು ಇನ್ನೊಂದು. ಋಣ ಹಂಗಾಗಿ ತಿರುಗುವ ಗಳಿಗೆಯನ್ನು ಇಷ್ಟು ನೇರವಾಗಿ ತೋರಿಸಿದ ದೃಶ್ಯ ಲೋಕದ ಸಿನಿಮಾದಲ್ಲೇ ವಿರಳ.

ತೊನ್ಯಾ ಕೆಟ್ಟವಳಲ್ಲ. ಬಡತನದ ನಡುವೆ, ವಯಸ್ಸು ಜಾರುತ್ತಿರುವಾಗ, ತನ್ನನ್ನು ಬಯಸುವವನೊಬ್ಬ ಸಿಕ್ಕಿದ್ದಾನೆ ಎಂಬ ಹಿಗ್ಗು ಅವಳದು. ಅವಳು ಅವನಿಗೆ ಕೊಡಬಲ್ಲದ್ದು ಸೂರು ಮತ್ತು ಅನ್ನ. ಅವನು ಅದಕ್ಕೆ ಪ್ರತಿಯಾಗಿ ಕೊಡುವುದು ಯೌವನ. ಆದರೆ ದಾದೊನ ಕಣ್ಣು ಮಗಳ ಮೇಲೆ. ಅವನು ಇನ್ಸಿಯಾಂಗ್‌ಳ ಮೇಲೆ ಅತ್ಯಾಚಾರ ಮಾಡಿದಾಗ ತಾಯಿ ನಂಬುವುದು ಮಗಳನ್ನಲ್ಲ, ಅವನನ್ನು. ನಂಬದಿದ್ದರೆ ತನ್ನ ಕೊನೆಯ ಆಸರೆ ಕುಸಿಯುತ್ತದೆ. ಮಗಳು ಸೇಡನ್ನು ತಾಳ್ಮೆಯಿಂದ ಹೆಣೆಯುತ್ತಾಳೆ, ಕೊನೆಗೆ ತಾಯಿಯ ಕೈಯಲ್ಲೇ ದಾದೊನ ಕೊಲೆಯಾಗುತ್ತದೆ. ಮೊದಲ ದೃಶ್ಯದ ಚೂರಿ ಹೀಗೆ ಮನೆಯೊಳಕ್ಕೆ ಬರುತ್ತದೆ.

1978ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ವಿಭಾಗದಲ್ಲಿ ಈ ಚಿತ್ರ ತೆರೆಕಂಡಿತು. ಕಾನ್ ತಲುಪಿದ ಮೊದಲ ಫಿಲಿಪಿನೊ ಚಿತ್ರವೆಂಬ ಹೆಸರು ಅದರದು. ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್ ನೆರವಿನಿಂದ ಜೀರ್ಣೋದ್ಧಾರಗೊಂಡ ಪ್ರತಿ 2015ರಲ್ಲಿ ಮತ್ತೆ ಕಾನ್‌ನಲ್ಲೇ ಪ್ರದರ್ಶನ ಕಂಡಿತು.

ಕಾನೂನು ಎಳೆದ ಗೆರೆ

ಈ ಕಥೆಗಳಲ್ಲಿ ‘ಇನ್ನೊಬ್ಬ ಹೆಂಗಸು’ ಇಷ್ಟು ದೊಡ್ಡ ಜಾಗ ಪಡೆದದ್ದಕ್ಕೆ ಕಾನೂನೂ ಒಂದು ಕಾರಣ. ವ್ಯಾಟಿಕನ್ ಬಿಟ್ಟರೆ ವಿಚ್ಛೇದನಕ್ಕೆ ಸಾಮಾನ್ಯ ಕಾನೂನೇ ಇಲ್ಲದ ದೇಶ ಫಿಲಿಪೀನ್ಸ್. 2020ರ ಜನಗಣತಿಯ ಪ್ರಕಾರ ಅಲ್ಲಿನ ಶೇ. 78.8 ಮಂದಿ ರೋಮನ್ ಕ್ಯಾಥೊಲಿಕರು. 1917ರಲ್ಲಿ ಅಮೆರಿಕನ್ನರ ಆಡಳಿತದಲ್ಲಿ ಸೀಮಿತ ವಿಚ್ಛೇದನದ ಕಾಯ್ದೆ ಬಂದಿತ್ತು, 1950ರಲ್ಲಿ ಜಾರಿಯಾದ ನಾಗರಿಕ ಸಂಹಿತೆ ಅದನ್ನು ತೆಗೆದುಹಾಕಿತು. ಮುಸ್ಲಿಮರಿಗೆ ಮಾತ್ರ 1977ರ ವೈಯಕ್ತಿಕ ಕಾನೂನಿನಡಿ ಅವಕಾಶವಿದೆ. ಉಳಿದವರು ಮದುವೆಯೇ ಅಸಿಂಧುವೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಅದು ದುಬಾರಿ ದಾರಿ, ಬಡವರ ಪಾಲಿಗೆ ಮುಚ್ಚಿದ ದಾರಿ. 2024ರ ಮೇ ತಿಂಗಳಲ್ಲಿ ಸಂಸತ್ತಿನ ಕೆಳಮನೆ ವಿಚ್ಛೇದನ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಮೇಲ್ಮನೆಯಲ್ಲಿ ಅದು ಮುಂದೆ ಹೋಗಲಿಲ್ಲ.

1932ರಿಂದ ಜಾರಿಯಲ್ಲಿರುವ ದಂಡ ಸಂಹಿತೆ ಇನ್ನೂ ವಿಚಿತ್ರವಾದ ಭೇದ ಮಾಡುತ್ತದೆ. ಹೆಂಡತಿ ಒಮ್ಮೆ ತಪ್ಪಿದರೂ ಅದು ವ್ಯಭಿಚಾರದ ಅಪರಾಧ. ಗಂಡ ಅಪರಾಧಿಯಾಗಬೇಕಾದರೆ ಅವನು ಇನ್ನೊಬ್ಬಳನ್ನು ದಾಂಪತ್ಯದ ಮನೆಯಲ್ಲೇ ಇಟ್ಟುಕೊಂಡಿರಬೇಕು, ಅಥವಾ ಲೋಕಾಪವಾದಕ್ಕೆ ಎಡೆಕೊಡುವಂತೆ ಕೂಡಿರಬೇಕು, ಅಥವಾ ಬೇರೆಡೆ ಅವಳೊಂದಿಗೆ ಸಂಸಾರ ಹೂಡಿರಬೇಕು. ಆಗ ಅವನಿಗೆ ಸೆರೆ. ಅವಳಿಗೆ ‘ದೆಸ್ತಿಯೆರೊ’: ಗಡೀಪಾರು. ನ್ಯಾಯಾಲಯ ಗುರುತಿಸಿದ ಸ್ಥಳದಿಂದ ಕನಿಷ್ಠ 25, ಗರಿಷ್ಠ 250 ಕಿಲೋಮೀಟರ್ ಸುತ್ತಳತೆಯೊಳಗೆ ಅವಳು ಕಾಲಿಡಕೂಡದು. ಸಮಾಜ ಕಣ್ಣಿಂದ ದೂರ ತಳ್ಳಿದವಳನ್ನು ಕಾನೂನು ಅಳತೆಗೋಲು ಹಿಡಿದು ದೂರ ತಳ್ಳುತ್ತದೆ.

ಅವಳಿಗೆ ಅಲ್ಲಿನ ಹೆಸರು ‘ಕೆರೀದಾ’. ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿದ ಸ್ಪೇನ್ ಬಿಟ್ಟುಹೋದ ಮಾತು, ಪ್ರೀತಿಪಾತ್ರಳು ಎಂದು ಅದರ ಮೂಲಾರ್ಥ. ದಿನಬಳಕೆಯ ತಗಾಲೊಗ್ ಮಾತು ‘ಕಬಿತ್’, ತಗುಲಿಕೊಂಡದ್ದು, ಜೋತುಬಿದ್ದದ್ದು. ಮೊದಲ ಪದದಲ್ಲಿ ಬಯಕೆ ಇದೆ, ಎರಡನೆಯದರಲ್ಲಿ ಬರೀ ಭಾರ.

ಇಶ್ಮಾಯೆಲ್ ಬೆರ್ನಾಲ್ ನಿರ್ದೇಶನದ ‘ರೆಲಾಸ್ಯೊನ್’ (1982) ಈ ಭಾರವನ್ನು ಮೊದಲ ಸಲ ಅವಳ ಕಡೆಯಿಂದ ತೂಗಿತು ಎನ್ನಬಹುದು. ಮದುವೆಯಾದವನೊಬ್ಬನ ಜತೆ ಸಂಸಾರ ಹೂಡುವ ಮರಿಲೂ, ಹೆಂಡತಿಯ ಎಲ್ಲ ಕೆಲಸ ಮಾಡುತ್ತಾಳೆ, ಹೆಂಡತಿಯ ಒಂದು ಹಕ್ಕೂ ಅವಳಿಗಿಲ್ಲ. ಮರಿಲೂ ಪಾತ್ರಕ್ಕೆ ವಿಲ್ಮಾ ಸಾಂತೋಸ್ ಆ ವರ್ಷದ ನಾಲ್ಕೂ ಮುಖ್ಯ ಪ್ರಶಸ್ತಿಗಳನ್ನು ಬಾಚಿಕೊಂಡರು.

ಅಳತೆ ತೆಗೆಯುವವಳು

2011ರಲ್ಲಿ ರುಯೆಲ್ ಬಯಾನಿ ನಿರ್ದೇಶನದ ‘ನೋ ಅದರ್ ವುಮನ್’ ಭರ್ಜರಿಯಾಗಿ ಓಡಿತು. ಇನ್ನೊಬ್ಬಳ ಕಥೆಗಳ ಅಲೆಯೇ ಎದ್ದಿತು. ಹೆಂಡತಿ ಮತ್ತು ‘ಕಬಿತ್’ ಚುಚ್ಚುಮಾತುಗಳಲ್ಲಿ ಸೆಣಸುವ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳುತ್ತಿದ್ದ ಕಾಲ ಅದು. ಆ ಅಲೆಯ ನಡುವೆ, 2012ರ ಸೆಪ್ಟೆಂಬರ್‌ನಲ್ಲಿ, ಸ್ಟಾರ್ ಸಿನಿಮಾ ಸಂಸ್ಥೆಯ ‘ದ ಮಿಸ್ಟ್ರೆಸ್’ ಬಂತು. ನಿರ್ದೇಶಕಿ ಒಲಿವಿಯಾ ಲಮಾಸನ್, ಚಿತ್ರಕಥೆ ವನೆಸಾ ವಾಲ್ಡೆಸ್.

ನಾಯಕಿ ಸಾರಿ, ಹೊಲಿಗೆಯವಳು. ಪಾತ್ರಧಾರಿ ಬೇಯಾ ಅಲೊನ್ಸೊ. ಅವಳನ್ನು ಇಟ್ಟುಕೊಂಡವನು ರೀಕೊ, ಭಾರಿ ಕುಳ. ಪಾತ್ರಧಾರಿ ರೊನಾಲ್ಡೊ ವಾಲ್ಡೆಸ್. ಚಿತ್ರ ತೆರೆಕಂಡಾಗ ನಟಿಗೆ 24, ನಟನಿಗೆ 64. ಆ 40 ವರ್ಷಗಳನ್ನು ಪ್ರಸಾಧನ ಮರೆಮಾಚುವುದಿಲ್ಲ. ಸಾರಿಯನ್ನು ಮೆಚ್ಚಿ ಬೆನ್ನು ಹತ್ತುವ ತರುಣ ವಾಸ್ತುಶಿಲ್ಪಿ ಜೆಡಿಯ ಪಾತ್ರದಲ್ಲಿ ಜಾನ್ ಲಾಯ್ಡ್ ಕ್ರೂಸ್. ಜೆಡಿ ರೀಕೊನ ಮನೆಯ ಮಗ. ತಂದೆ ಮಗನ ನಡುವೆ ಹಳೆಯ ಮುನಿಸಿದೆ.

ಅಲೊನ್ಸೊ ಮತ್ತು ಕ್ರೂಸ್ ಆ ಕಾಲದ ಜನಪ್ರಿಯ ಜೋಡಿ. ಅಲ್ಲಿನ ಸಿನಿಮಾ ನಿಂತಿರುವುದೇ ಇಂಥ ‘ಲವ್ ಟೀಮ್’ಗಳ ಮೇಲೆ. ಅಭಿಮಾನಿಗಳು ಜೋಡಿಯನ್ನು ನಿಜದ ಪ್ರೇಮಿಗಳಂತೆ ಕಾಣುತ್ತಾರೆ, ಕೂಡಲೇಬೇಕೆಂದು ಹರಕೆ ಹೊರುವಷ್ಟು ಹಚ್ಚಿಕೊಳ್ಳುತ್ತಾರೆ. 2007ರ ‘ಒನ್ ಮೋರ್ ಚಾನ್ಸ್’ ಅವರಿಬ್ಬರನ್ನು ಮನೆಮಾತಾಗಿಸಿತ್ತು. ಅಂಥ ಜೋಡಿಯ ಹತ್ತನೇ ವರ್ಷದ ಸಂಭ್ರಮದ ಚಿತ್ರದಲ್ಲಿ ನಾಯಕಿಯನ್ನು ಮುದುಕನೊಬ್ಬನ ‘ಕಬಿತ್’ ಮಾಡುವುದು ಸಣ್ಣ ಧೈರ್ಯವಲ್ಲ. ಆ ಧೈರ್ಯದ ಫಲ ದೊಡ್ಡದು. ನೋಡುಗರು ಎಂದಿನಂತೆ ಜೋಡಿ ಕೂಡಲಿ ಎಂದು ಹಾರೈಸುತ್ತ ಕೂತಿರುತ್ತಾರೆ. ಹಾಗೆ ಹಾರೈಸುತ್ತಲೇ, ರೀಕೊನನ್ನು ದ್ವೇಷಿಸಲು ತಮ್ಮಿಂದ ಆಗುತ್ತಿಲ್ಲ ಎಂಬುದನ್ನು ಕಂಡುಕೊಳ್ಳುತ್ತಾರೆ.

ದ್ವೇಷಿಸಲು ಏಕೆ ಆಗುವುದಿಲ್ಲ? ರೀಕೊ ಆಹ್ ತೆಕ್ ಅಲ್ಲ. ಸಾರಿಯ ಕುಟುಂಬ ಕಷ್ಟದಲ್ಲಿದ್ದಾಗ ನೆರವಿಗೆ ನಿಂತವನು ಅವನು. ಬಾಗಿಲಿಗೆ ಬೀಗವಿಲ್ಲ. ಅವಳು ಎದ್ದು ನಡೆಯಬಹುದು. ನಡೆದರೆ ಅವಳು ‘ವಾಲಂಗ್ ಉತಂಗ್ ನಾ ಲೊಓಬ್’. ಜೆಡಿ ಅವಳನ್ನು ಬಿಡಿಸಲು ಬಂದವನಂತೆ ಮಾತಾಡುತ್ತಾನೆ, ಆದರೆ ಬಿಡಿಸಲು ಅಲ್ಲಿ ಸರಪಳಿ ಕಾಣುವುದಿಲ್ಲ. ಲಿಗಾಯಾಳ ಕಾಲದ ಕಬ್ಬಿಣದ ಬೀಗ ಸಾರಿಯ ಕಾಲಕ್ಕೆ ಲೊಓಬ್‌ನ ಒಳಗೆ, ಅವಳದೇ ಸಜ್ಜನಿಕೆಯೊಳಗೆ ಇಳಿದಿದೆ. ಈ ಬದಲಾವಣೆಯನ್ನು ಗುರುತಿಸಿದ್ದರಲ್ಲಿ ಲಮಾಸನ್ ಅವರ ಹೆಚ್ಚುಗಾರಿಕೆಯಿದೆ.

ಸಾರಿಯ ಕಸುಬನ್ನೂ ಗಮನಿಸಬೇಕು. ಹೊಲಿಗೆಯವರು ಬಡವರಾಗಿದ್ದೂ ಸಿರಿವಂತರ ಮೈ ಮುಟ್ಟಬಲ್ಲವರು. ಭುಜ, ಎದೆ, ಸೊಂಟ, ತೋಳು: ಟೇಪು ಹಿಡಿದವಳ ಮುಂದೆ ಎಂಥ ಧಣಿಯೂ ಕೈ ಚಾಚಿ, ಉಸಿರು ಬಿಗಿಹಿಡಿದು ನಿಲ್ಲಬೇಕು. ಅವನ ಬೊಜ್ಜು, ಬಾಗಿದ ಬೆನ್ನು, ಏರುಪೇರಾದ ಹೆಗಲು ಅವಳಿಗೆ ಗೊತ್ತು. ಅಂತಸ್ತು ತೊಟ್ಟುಕೊಳ್ಳುವ ಉಡುಪನ್ನು ಹೊಲಿಯುವವಳಿಗೇ ಅಂತಸ್ತಿಲ್ಲ. ಅಲ್ಲಿನ ಜನ ಇಂಥ ಪ್ರೀತಿಗೆ ‘ಲಂಗಿತ್ ಕಾ, ಲೂಪಾ ಅಕೋ’ ಎನ್ನುತ್ತಾರೆ: ನೀನು ಬಾನು, ನಾನು ಮಣ್ಣು. ಸಾರಿ ಬಾನಿಗೆ ಅಂಗಿ ಕತ್ತರಿಸುವ ಮಣ್ಣು.

ಜೆಡಿಯ ಪ್ರೀತಿಯೂ ಶುದ್ಧವಲ್ಲ ಎಂಬುದು ಚಿತ್ರದ ಇನ್ನೊಂದು ಪ್ರಾಮಾಣಿಕತೆ. ತಂದೆಯ ಮೇಲಿನ ಸಿಟ್ಟು ಅದರಲ್ಲಿ ಬೆರೆತಿದೆ. ಓರಗೆಯವನು, ಸುಂದರ, ಅವಿವಾಹಿತ, ವಯಸ್ಸಿನ ತೊಡಕೇನೂ ಇಲ್ಲ. ಆದರೂ ಅವನು ಬಾನಿನವನೇ. ತಂದೆಯ ಹಣ ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಹುಟ್ಟಿನಿಂದ ಬಂದದ್ದು, ಸಾರಿಗೆ ಅದೇ ಹಣ ಬೇಡವೆನ್ನುವ ಸ್ವಾತಂತ್ರ್ಯ ಇರಲೇ ಇಲ್ಲ. ಇಬ್ಬರೂ ಒಬ್ಬನೇ ಮುದುಕನಿಗೆ ಬೇರೆಬೇರೆ ಬಗೆಯಲ್ಲಿ ಸಾಲಗಾರರು. ಮಗ ಅದನ್ನು ತಿರಸ್ಕರಿಸಿ ನಾಯಕನಾಗುತ್ತಾನೆ. ಅವಳು ತಿರಸ್ಕರಿಸಿದರೆ ಲೋಕದ ಬಾಯಲ್ಲಿ ಅದು ದ್ರೋಹವಾಗುತ್ತದೆ.

ಇನ್ನು ಮನೆಯಲ್ಲಿ ಕೂತವಳು ರೆಜಿನಾ, ಕೊರೊನೆಲ್ ಅವರ ಪಾತ್ರ. ವಿಚ್ಛೇದನವಿಲ್ಲದ ದೇಶದಲ್ಲಿ ಅವಳಿಗೂ ಹೊರಗೆ ಹೋಗುವ ಬಾಗಿಲಿಲ್ಲ. ಬ್ರೊಕಾ ಚಿತ್ರಗಳನ್ನು ನೋಡಿ ಬೆಳೆದವರಿಗೆ ಆ ಮುಖ ಕಂಡೊಡನೆ ಲಿಗಾಯಾ ನೆನಪಾಗುವುದು ಸಹಜ. ಇಟ್ಟುಕೊಂಡವಳನ್ನು ಹಗೆಯಂತೆ ಕಾಣಬೇಕಾದ ಆ ಕಣ್ಣುಗಳಲ್ಲಿ, ಒಂದು ಕಾಲಕ್ಕೆ ಇಟ್ಟುಕೊಂಡವಳೇ ಇದ್ದಳು.

ತಿರುಗಿದ ತಕ್ಕಡಿ

ತೊನ್ಯಾಳ ಪ್ರಶ್ನೆಗೆ, ಅಂದರೆ ಹಿರಿಯ ಹೆಣ್ಣು ಕಿರಿಯ ಗಂಡನ್ನು ಬಯಸಬಾರದೇ ಎಂಬ ಪ್ರಶ್ನೆಗೆ, ಇನ್ನೊಂದು ಉತ್ತರ ಬರಲು 42 ವರ್ಷ ಬೇಕಾಯಿತು. 2018ರ ‘ಗ್ಲೋರಿಯಸ್’ ಚಿತ್ರವನ್ನು ಮಾಡಿದವರು ಕಾನಿ ಮಕಾತುನೊ ಎಂಬ ನಿರ್ದೇಶಕಿ. ಏಂಜೆಲ್ ಅಕಿನೊ ಮಾಡಿದ ಗ್ಲೋರಿ ಐವತ್ತು ದಾಟಿದವಳು, ಟೋನಿ ಲಬ್ರುಸ್ಕಾ ಮಾಡಿದ ನಾಯಕ ಇಪ್ಪತ್ತರ ಹರೆಯದವನು. ಚಿತ್ರಮಂದಿರದ ಬದಲು ‘ಐವಾಂಟ್’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಅದು ಬಂತು, ಟ್ರೇಲರ್ ಹೊರಬಿದ್ದಾಗಲೇ ದೇಶವೆಲ್ಲ ಮಾತಾಡಿತು. ತೊನ್ಯಾಳಿಗೆ ಸಿಗದ ಘನತೆ ಗ್ಲೋರಿಗೆ ಸಿಕ್ಕಿದೆ. ಅದಕ್ಕೆ ಒಂದು ಕಾರಣ ಕಾಲ. ಇನ್ನೊಂದು, ಗ್ಲೋರಿ ತೊಂಡೊದವಳಲ್ಲ. ಅವಳ ಮನೆಗೆ ಗೋಡೆಗಳಿವೆ, ಮುಚ್ಚಿಕೊಳ್ಳಬಲ್ಲ ಕೋಣೆಯಿದೆ.

ತೊನ್ಯಾಳ ಗುಡಿಸಲಿನಲ್ಲಿ ಅದು ಇರಲಿಲ್ಲ. ತಾಯಿ ಮತ್ತು ದಾದೊ ಮಲಗುವಲ್ಲಿಂದ ಕೂಗಳತೆಯೂ ಇಲ್ಲದ ದೂರದಲ್ಲಿ ಮಗಳು ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಚಿತ್ರದ ಕೊನೆಗೆ ಅವಳು ತಾಯಿಯನ್ನು ನೋಡಲು ಸೆರೆಮನೆಗೆ ಹೋಗುತ್ತಾಳೆ. ನಡೆದದ್ದನ್ನು ಹೇಳುತ್ತಾಳೆ, ತಾಯಿಯ ಮಮತೆಗೆ ಹಂಬಲಿಸುತ್ತಾಳೆ. ತೊನ್ಯಾ ಕರಗುವುದಿಲ್ಲ. ಇನ್ಸಿಯಾಂಗ್ ಅಳುತ್ತ ಹೊರಡುತ್ತಾಳೆ. ಮಕ್ಕಳ ಮೈಮೇಲಿನ ಅಂಗಿ ಬಿಚ್ಚಿಸಿದ ಕೈಗಳು ಈಗ ಕಂಬಿಗಳ ಆಚೆಗಿವೆ.